ಸೊನ್ನೆಗಳಿಗೆ ಇಟ್ಟ ಹೆಸರು: ಇಂಗ್ಲಿಷ್ ಹಾಗೂ ಜಪಾನೀ ಭಾಷೆಗಳಲ್ಲಿ ದೊಡ್ಡ ಸಂಖ್ಯೆಗಳು

ಸಂಖ್ಯೆಗೆ ದೇಶಭಾಷೆಗಳ ಹಂಗಿಲ್ಲ; ಸಂಖ್ಯೆಯ ಹೆಸರಿಗೆ ಮಾತ್ರ ಆ ಹಂಗು ತಪ್ಪಿದ್ದಲ್ಲ. ಒಂದು ಕಣಜದಲ್ಲಿರುವ ಭತ್ತದ ಕಾಳುಗಳನ್ನು ಧಾರವಾಡದವನು ಎಣಿಸಿದರೂ, ಲಂಡನ್ನಿನವನು ಎಣಿಸಿದರೂ, ಟೋಕಿಯೋದವನು ಎಣಿಸಿದರೂ ಮೊತ್ತ ಒಂದೇ. ಆ ಮೊತ್ತವನ್ನು ಬಾಯಿಬಿಟ್ಟು ಹೇಳುವಾಗ ಮೂವರೂ ಮೂರು ದಾರಿ ಹಿಡಿಯುತ್ತಾರೆ. ಮೊದಲನೆಯವನು ಹತ್ತು ಲಕ್ಷವೆಂದರೆ, ಎರಡನೆಯವನು ಒಂದು ಮಿಲಿಯನ್ ಎನ್ನುತ್ತಾನೆ. ಮೂರನೆಯವನು ನೂರು ಮನ್ ಎನ್ನುತ್ತಾನೆ. ಮೂವರೂ ಹೇಳಿದ್ದು ಸತ್ಯ. ಆದರೂ ಒಬ್ಬನ ಮಾತು ಇನ್ನೊಬ್ಬನ ಕಿವಿಗೆ ತಟ್ಟನೆ ತಿಳಿಯುವುದಿಲ್ಲ.

ಹೊರನಾಡ ಕನ್ನಡಿಗರಾದ ನಮಗೆ ಈ ವಿಷಯ ದೂರದ್ದೇನಲ್ಲ. ಮನೆಯಲ್ಲಿ ಲಕ್ಷ, ಕೋಟಿಗಳಲ್ಲಿ ಮಾತನಾಡುವ ನಾವು ಕಚೇರಿಗೆ ಹೋದೊಡನೆ ಮಿಲಿಯನ್, ಬಿಲಿಯನ್‌ಗಳಿಗೆ ಹೊರಳಿಕೊಳ್ಳುತ್ತೇವೆ. ಶಾಲೆಯ ಮಕ್ಕಳು ಎರಡೂ ಪದ್ಧತಿಗಳನ್ನು ಕಲಿತು ಎರಡರ ನಡುವೆ ತಡವರಿಸುತ್ತಾರೆ. ಮಗನೋ ಮಗಳೋ ಜಪಾನಿಗೆ ಉದ್ಯೋಗಕ್ಕೆಂದು ಹೋಗಿರುವ ಮನೆಗಳಲ್ಲಿ ಮೂರನೆಯ ಲೆಕ್ಕವೂ ಬಂದು ಸೇರಿಕೊಳ್ಳುತ್ತದೆ. ಹಣದ ಲೆಕ್ಕ ತಪ್ಪಿದರೆ ನಷ್ಟ. ರಕ್ತಪರೀಕ್ಷೆಯ ಲೆಕ್ಕ ತಪ್ಪಾಗಿ ಓದಿದರೆ ಗಾಬರಿ, ಇಲ್ಲವೆ ಗಾಬರಿಗಿಂತ ಕೆಟ್ಟದ್ದಾದ ಅಲಕ್ಷ್ಯ. ಆದಕಾರಣ ಇಂಗ್ಲಿಷಿನವರೂ ಜಪಾನಿನವರೂ ದೊಡ್ಡ ಸಂಖ್ಯೆಗಳಿಗೆ ಯಾವ ಹೆಸರಿಟ್ಟಿದ್ದಾರೆ, ಆ ಹೆಸರುಗಳು ಹೇಗೆ ಹುಟ್ಟಿದವು, ಅವುಗಳ ನುಡಿಗಟ್ಟುಗಳೇನು ಎಂಬುದನ್ನು ನಮ್ಮ ಲೆಕ್ಕದ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ನಮ್ಮ ಮೆಟ್ಟಿಲು

ಮೊದಲು ನಾವು ನಿಂತಿರುವ ನೆಲವನ್ನು ನೋಡಿಕೊಳ್ಳೋಣ. ಕನ್ನಡದ ಹತ್ತು, ನೂರು ಎಂಬ ಶಬ್ದಗಳು ಅಚ್ಚ ದೇಶ್ಯ. ಸಾವಿರವು ಹಳಗನ್ನಡದ ಸಾಸಿರ. ಅದು ಸಂಸ್ಕೃತದ ಸಹಸ್ರದಿಂದ ಬಂದದ್ದು. ಲಕ್ಷ, ಕೋಟಿಗಳೂ ಸಂಸ್ಕೃತದವೇ. ಸಾವಿರವನ್ನು ದಾಟಿದ ಮೇಲೆ ಎರಡೆರಡು ಸೊನ್ನೆಗಳಿಗೊಂದು ಹೊಸ ಹೆಸರು ಬರುತ್ತದೆ: ಸಾವಿರ, ಲಕ್ಷ, ಕೋಟಿ. ಆದ್ದರಿಂದಲೇ ನಾವು 1,00,00,000 ಎಂದು ಎರಡೆರಡು ಸ್ಥಾನಗಳಿಗೆ ಅಲ್ಪವಿರಾಮ ಹಾಕುತ್ತೇವೆ. ಕೋಟಿಯ ಆಚೆಗೆ ಇಂದಿನ ಕನ್ನಡ ಹೊಸ ಹೆಸರನ್ನು ಬಳಸುವುದಿಲ್ಲ. ನೂರು ಕೋಟಿ, ಸಾವಿರ ಕೋಟಿ, ಲಕ್ಷ ಕೋಟಿ ಎಂದು ಹಳೆಯ ಹೆಸರುಗಳನ್ನೇ ಜೋಡಿಸಿಕೊಳ್ಳುತ್ತದೆ. ದೆಹಲಿಯಲ್ಲಿರುವ ವಾಚಕರು ಹಿಂದಿಯ ಅರಬ್ ಎಂಬುದನ್ನೂ, ಮುಂಬಯಿ ಪುಣೆಗಳಲ್ಲಿರುವವರು ಮರಾಠಿಯ ಅಬ್ಜ ಎಂಬುದನ್ನೂ ಪತ್ರಿಕೆಗಳಲ್ಲಿ ಓದಿರುತ್ತಾರೆ. ಎರಡರ ಬೆಲೆಯೂ ನೂರು ಕೋಟಿ.

ನಮ್ಮ ಪೂರ್ವಿಕರಲ್ಲಿ ಹೆಸರುಗಳಿಗೆ ಬರವಿರಲಿಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಹೇಳಿದ್ದಾನೆ. 12ನೆಯ ಶತಮಾನದ ಭಾಸ್ಕರಾಚಾರ್ಯನು ‘ಲೀಲಾವತಿ’ಯಲ್ಲಿ ಪರಾರ್ಧದವರೆಗೆ 18 ಸ್ಥಾನಗಳನ್ನು ಹೆಸರಿಸಿದ್ದಾನೆ. ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಒಂದು ಕುತೂಹಲದ ಸಂಗತಿ ಹೊರಬೀಳುತ್ತದೆ. ಭಾಸ್ಕರನ ಅರ್ಬುದವೆಂದರೆ ಹತ್ತು ಕೋಟಿ; ಮಹಾವೀರನ ಅರ್ಬುದವೆಂದರೆ ಸಾವಿರ ಕೋಟಿ; ಅದೇ ಅರ್ಬುದದಿಂದ ಹುಟ್ಟಿದ ಹಿಂದಿಯ ಅರಬ್ ಎಂದರೆ ನೂರು ಕೋಟಿ. ಇನ್ನು ವೈದ್ಯರ ಬಾಯಲ್ಲಿ ಅರ್ಬುದವೆಂದರೆ ಸಂಖ್ಯೆಯೇ ಅಲ್ಲ, ದೇಹದೊಳಗಿನ ದುರ್ಮಾಂಸದ ಗಂಟು. ಹೆಸರು ಒಂದೇ ಆದಮಾತ್ರಕ್ಕೆ ಬೆಲೆಯೂ ಒಂದೇ ಎಂದು ನಂಬಲಾಗದು ಎಂಬ ಪಾಠ ನಮ್ಮ ಮನೆಯಲ್ಲೇ ಇದೆ. ಮುಂದೆ ಇಂಗ್ಲಿಷಿನಲ್ಲೂ ಜಪಾನಿಯಲ್ಲೂ ಇದೇ ಪಾಠವನ್ನು ಮತ್ತೆ ಕಾಣಲಿದ್ದೇವೆ.

ಇಂಗ್ಲಿಷಿನ ದಾರಿ: ಮೂರು ಸೊನ್ನೆಗಳ ಹೆಜ್ಜೆ

ಇಂಗ್ಲಿಷಿನಲ್ಲಿ ಥೌಸಂಡ್ ಆದ ಮೇಲೆ ಮೂರು ಸೊನ್ನೆಗಳು ಕೂಡುವವರೆಗೆ ಹೊಸ ಹೆಸರಿಲ್ಲ. ಥೌಸಂಡ್, ಮಿಲಿಯನ್, ಬಿಲಿಯನ್, ಟ್ರಿಲಿಯನ್ ಎಂದು ಹೆಜ್ಜೆಗಳು ಸಾಗುತ್ತವೆ. ನಮ್ಮ ಲಕ್ಷಕ್ಕೆ ಅಲ್ಲಿ ಸ್ವಂತ ಹೆಸರಿಲ್ಲ. ಅದು ‘ನೂರು ಸಾವಿರ’. ಕೋಟಿಗೂ ಇಲ್ಲ, ಅದು ‘ಹತ್ತು ಮಿಲಿಯನ್’.

ಈ ಶಬ್ದಗಳ ಹುಟ್ಟು ಸ್ವಾರಸ್ಯಕರವಾಗಿದೆ. ಥೌಸಂಡ್ ಎಂಬುದರ ಮೂಲಾರ್ಥ ‘ಉಬ್ಬಿದ ನೂರು’ ಎಂದಿರಬೇಕೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಮಿಲಿಯನ್ ಎಂಬುದು ಇಟಲಿಯ ‘ಮಿಲಿಯೋನೆ’, ಅಂದರೆ ‘ದೊಡ್ಡ ಸಾವಿರ’. ನೂರು ಉಬ್ಬಿ ಸಾವಿರವಾಯಿತು, ಸಾವಿರ ಬೆಳೆದು ಮಿಲಿಯನ್ ಆಯಿತು. 14ನೆಯ ಶತಮಾನಕ್ಕೆ ಮುನ್ನ ಇಂಗ್ಲಿಷಿನಲ್ಲಿ ಮಿಲಿಯನ್ ಎಂಬ ಶಬ್ದವೇ ಇರಲಿಲ್ಲ. ಹತ್ತು ಲಕ್ಷವನ್ನು ಹೇಳಬೇಕಾದರೆ ‘ಸಾವಿರ ಸಾವಿರ’ ಎನ್ನಬೇಕಿತ್ತು. ಹಂಡ್ರೆಡ್ ಎಂಬುದೂ ಎಲ್ಲ ಕಾಲಕ್ಕೂ 100 ಆಗಿರಲಿಲ್ಲ; ಹಳೆಯ ಕಾಲದಲ್ಲಿ ಕೆಲವು ಸರಕುಗಳ ವ್ಯಾಪಾರದಲ್ಲಿ 120ಕ್ಕೆ ಹಂಡ್ರೆಡ್ ಎನ್ನುತ್ತಿದ್ದರು.

ಬಿಲಿಯನ್ ಕಥೆ ಇದಕ್ಕಿಂತ ತೊಡಕಿನದು. 1484ರಲ್ಲಿ ಫ್ರಾನ್ಸಿನ ನಿಕೊಲಾ ಶುಕೆ ಎಂಬ ಗಣಿತಜ್ಞನು ತನ್ನ ಹಸ್ತಪ್ರತಿಯಲ್ಲಿ ಬಿಲಿಯನ್, ಟ್ರಿಲಿಯನ್ ಮುಂತಾದ ಹೆಸರುಗಳನ್ನು ಕ್ರಮವಾಗಿ ಬಳಸಿದನು. ಅವನ ಲೆಕ್ಕದಲ್ಲಿ ಬಿಲಿಯನ್ ಎಂದರೆ ಮಿಲಿಯನ್‌ನ ಮಿಲಿಯನ್, 1ರ ಮುಂದೆ 12 ಸೊನ್ನೆ. ಆರಾರು ಸೊನ್ನೆಗಳಿಗೊಂದು ಹೆಸರು ಎಂಬುದು ಅವನ ಪದ್ಧತಿ. ಕಾಲಾನಂತರದಲ್ಲಿ ಫ್ರಾನ್ಸಿನವರೇ ಕೆಲವರು ಮೂರು ಮೂರು ಸೊನ್ನೆಗಳಿಗೆ ಹೆಸರು ಹಂಚಿ, ಸಾವಿರ ಮಿಲಿಯನ್‌ಗೇ ಬಿಲಿಯನ್ ಎಂದು ಕರೆದರು. ಅಮೆರಿಕ ಈ ಚಿಕ್ಕ ಬಿಲಿಯನ್ನನ್ನು ಸ್ವೀಕರಿಸಿತು. ಬ್ರಿಟನ್ ದೊಡ್ಡದನ್ನೇ ಉಳಿಸಿಕೊಂಡಿತು. ಹೀಗೆ ಒಂದೇ ಭಾಷೆಯನ್ನಾಡುವ ಎರಡು ದೇಶಗಳಲ್ಲಿ ಒಂದೇ ಶಬ್ದಕ್ಕೆ ಸಾವಿರ ಪಟ್ಟು ಅಂತರವುಳ್ಳ ಎರಡು ಬೆಲೆಗಳು ನಿಂತುಬಿಟ್ಟವು. ಕೊನೆಗೆ 1974ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರು, ಸರ್ಕಾರದ ಅಂಕಿ-ಅಂಶಗಳಲ್ಲಿ ಬಿಲಿಯನ್ ಎಂದರೆ ಸಾವಿರ ಮಿಲಿಯನ್ ಎಂದೇ ತಿಳಿಯಬೇಕೆಂದು ಪಾರ್ಲಿಮೆಂಟಿಗೆ ತಿಳಿಸಿದರು.

ಆದ್ದರಿಂದ ಹಳೆಯ ಬ್ರಿಟಿಷ್ ಪುಸ್ತಕವೊಂದರಲ್ಲಿ ಬಿಲಿಯನ್ ಎಂದು ಕಂಡರೆ ಅದು ಲಕ್ಷ ಕೋಟಿ. ಇಂದಿನ ಪತ್ರಿಕೆಯಲ್ಲಿ ಕಂಡರೆ ನೂರು ಕೋಟಿ. ಜರ್ಮನಿ, ಫ್ರಾನ್ಸ್‌ಗಳಲ್ಲಿ ಇಂದಿಗೂ ದೊಡ್ಡ ಅಳತೆಯೇ ಚಾಲ್ತಿಯಲ್ಲಿದೆ. ನಮ್ಮ ನೂರು ಕೋಟಿಯನ್ನು ಜರ್ಮನರು ಮಿಲಿಯಾರ್ಡೆ ಎನ್ನುತ್ತಾರೆ. ಅವರು ಬಿಲಿಯೋನ್ ಎಂದರೆ ಅದು ಲಕ್ಷ ಕೋಟಿ. ಅಲ್ಲಿ ಉದ್ಯೋಗದಲ್ಲಿರುವ ನಮ್ಮವರು ಇದನ್ನು ನೆನಪಿನಲ್ಲಿಡಬೇಕು.

ಜಪಾನಿನ ದಾರಿ: ನಾಲ್ಕು ಸೊನ್ನೆಗಳ ಹೆಜ್ಜೆ

ಚೀನಾದಿಂದ ಜಪಾನಿಗೆ ಬಂದ ಎಣಿಕೆಯ ಪದ್ಧತಿಯಲ್ಲಿ ಮೂಲಘಟ್ಟ ಹತ್ತು ಸಾವಿರ. ಜೂ ಎಂದರೆ ಹತ್ತು, ಹ್ಯಕು ಎಂದರೆ ನೂರು, ಸೆನ್ ಎಂದರೆ ಸಾವಿರ, ಮನ್ ಎಂದರೆ ಹತ್ತು ಸಾವಿರ. ನಮ್ಮ ಸಂಸ್ಕೃತ ಪಟ್ಟಿಗಳಲ್ಲಿ ಇದಕ್ಕೆ ಅಯುತವೆಂಬ ಹೆಸರುಂಟು. ಕನ್ನಡದ ಆಡುಮಾತಿಗೆ ಅದು ಇಳಿದು ಬರಲಿಲ್ಲ. ಮನ್ ಆದ ಮೇಲೆ ನಾಲ್ಕು ನಾಲ್ಕು ಸೊನ್ನೆಗಳಿಗೊಂದು ಹೊಸ ಹೆಸರು. ಮನ್‌ನ ಮನ್ ಒಂದು ಒಕು, ಅಂದರೆ ನಮ್ಮ ಹತ್ತು ಕೋಟಿ. ಒಕುವಿನ ಮುಂದೆ ಇನ್ನು ನಾಲ್ಕು ಸೊನ್ನೆಗಳಾದರೆ ಚೋ. ಅದರ ಮುಂದೆ ಕೇಯಿ.

ಕೇಯಿ ಎಂಬ ಅಕ್ಷರಕ್ಕೆ ರಾಜಧಾನಿ ಎಂಬ ಅರ್ಥವೂ ಉಂಟು; ಟೋಕಿಯೋ, ಕ್ಯೋಟೋ ಎಂಬ ಊರುಗಳ ಹೆಸರಿನಲ್ಲಿರುವುದು ಇದೇ ಅಕ್ಷರ. ಸೆಕೆಂಡಿಗೆ ಒಂದು ಕೇಯಿ ಲೆಕ್ಕಗಳನ್ನು, ಅಂದರೆ 1ರ ಮುಂದೆ 16 ಸೊನ್ನೆಗಳಷ್ಟು ಲೆಕ್ಕಗಳನ್ನು, ಮಾಡಬಲ್ಲ ಮಹಾಗಣಕವನ್ನು ಜಪಾನಿನ ರಿಕೆನ್ ಸಂಸ್ಥೆಯವರು ಕೋಬೆ ನಗರದಲ್ಲಿ ಸ್ಥಾಪಿಸಿ ಅದಕ್ಕೆ ಕೇಯಿ ಎಂದೇ ಹೆಸರಿಟ್ಟಿದ್ದರು. 2011ರಲ್ಲಿ ಅದು ಜಗತ್ತಿನ ಅತಿ ವೇಗದ ಗಣಕವೆಂಬ ಮನ್ನಣೆ ಪಡೆಯಿತು. 2019ರಲ್ಲಿ ಸೇವೆಯಿಂದ ನಿವೃತ್ತವಾಯಿತು.

ಜಪಾನೀಯರ ದೈನಂದಿನ ಬದುಕಿನಲ್ಲಿ ಮನ್ ಎಂಬುದು ನಮಗೆ ಸಾವಿರವಿದ್ದಂತೆ. ಅವರ ಅತಿ ದೊಡ್ಡ ನೋಟು ಒಂದು ಮನ್ ಯೆನ್‌ನದು. 1958ರಿಂದಲೂ ಅದೇ ದೊಡ್ಡದು. ಸಂಬಳ, ಬಾಡಿಗೆ, ವಾಹನದ ಬೆಲೆ ಎಲ್ಲವೂ ಮನ್‌ನಲ್ಲೇ. ‘ಸಂಬಳ ಎಷ್ಟು?’ ಎಂದರೆ ‘ಮೂವತ್ತು ಮನ್’ ಎಂದು ಉತ್ತರ ಬರುತ್ತದೆ; ಅದು ಮೂರು ಲಕ್ಷ ಯೆನ್.

ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಜಪಾನೀಯರ ನಾಲಿಗೆ ನಾಲ್ಕು ಸೊನ್ನೆಗಳ ಹೆಜ್ಜೆಯಿಟ್ಟರೂ ಲೆಕ್ಕಪತ್ರಗಳಲ್ಲಿ ಅವರು ಪಾಶ್ಚಾತ್ಯರಂತೆ ಮೂರು ಸ್ಥಾನಗಳಿಗೊಮ್ಮೆ ಅಲ್ಪವಿರಾಮ ಹಾಕುತ್ತಾರೆ. ಕಣ್ಣು ಮೂರರಲ್ಲಿ ಓದುತ್ತದೆ, ಬಾಯಿ ನಾಲ್ಕರಲ್ಲಿ ಹೇಳುತ್ತದೆ. ಈ ಕಾರಣದಿಂದ ಇಂಗ್ಲಿಷ್ ಮತ್ತು ಜಪಾನಿಗಳ ನಡುವೆ ದುಭಾಷಿಯ ಕೆಲಸ ಮಾಡುವವರಿಗೆ ದೊಡ್ಡ ಸಂಖ್ಯೆಗಳೆಂದರೆ ಕಗ್ಗಂಟು. ನುರಿತವರೂ ಕಾಗದದ ಮೇಲೆ ಸೊನ್ನೆಗಳನ್ನು ಬರೆದುಕೊಂಡೇ ಹೇಳುವುದುಂಟು.

ಮೂರು ದಾರಿಗಳು ಕೂಡುವ ಸಂಗಮ

ಈಗ ಮೂರು ಪದ್ಧತಿಗಳನ್ನೂ ಸಾಲಾಗಿ ಬರೆದುಕೊಂಡರೆ ಚಿತ್ರ ನಿಚ್ಚಳವಾಗುತ್ತದೆ.

ಹತ್ತು ಸಾವಿರ: 10 ಥೌಸಂಡ್: 1 ಮನ್.
ಒಂದು ಲಕ್ಷ: 100 ಥೌಸಂಡ್: 10 ಮನ್.
ಹತ್ತು ಲಕ್ಷ: 1 ಮಿಲಿಯನ್: 100 ಮನ್.
ಒಂದು ಕೋಟಿ: 10 ಮಿಲಿಯನ್: 1,000 ಮನ್.
ಹತ್ತು ಕೋಟಿ: 100 ಮಿಲಿಯನ್: 1 ಒಕು.
ನೂರು ಕೋಟಿ: 1 ಬಿಲಿಯನ್: 10 ಒಕು.
ಸಾವಿರ ಕೋಟಿ: 10 ಬಿಲಿಯನ್: 100 ಒಕು.
ಹತ್ತು ಸಾವಿರ ಕೋಟಿ: 100 ಬಿಲಿಯನ್: 1,000 ಒಕು.
ಲಕ್ಷ ಕೋಟಿ: 1 ಟ್ರಿಲಿಯನ್: 1 ಚೋ.

ಕೊನೆಯ ಸಾಲನ್ನು ವಾಚಕರು ಮತ್ತೊಮ್ಮೆ ಗಮನಿಸಬೇಕು. ಮೂರರ ನಾಲ್ಕು ಹೆಜ್ಜೆ ಹನ್ನೆರಡು. ನಾಲ್ಕರ ಮೂರು ಹೆಜ್ಜೆಯೂ ಹನ್ನೆರಡು. ಲಕ್ಷದ ಐದು ಸೊನ್ನೆ, ಕೋಟಿಯ ಏಳು ಸೊನ್ನೆ ಕೂಡಿದರೂ ಹನ್ನೆರಡೇ. ಬೇರೆ ಬೇರೆ ದಾರಿಯಲ್ಲಿ ಬಂದ ಮೂವರು ಪಯಣಿಗರು ಹನ್ನೆರಡನೆಯ ಸೊನ್ನೆಯ ಬಳಿ ಒಂದೇ ಛತ್ರದಲ್ಲಿ ಇಳಿದುಕೊಂಡಂತೆ ಇದು. ಈ ಒಂದು ಗುರುತನ್ನು ನೆನಪಿಟ್ಟರೆ ಉಳಿದವನ್ನು ಹಿಂದಕ್ಕೆ ಎಣಿಸಿಕೊಂಡು ಬರಬಹುದು.

ಉದಾಹರಣೆಗೆ 2011ರ ಜನಗಣತಿಯಂತೆ ಭಾರತದ ಜನಸಂಖ್ಯೆ ಸುಮಾರು 121 ಕೋಟಿ. ಇಂಗ್ಲಿಷಿನಲ್ಲಿ ಇದು 1.21 ಬಿಲಿಯನ್, ಜಪಾನಿಯಲ್ಲಿ 12 ಒಕು 1,000 ಮನ್. ಕರ್ನಾಟಕದ ಜನಸಂಖ್ಯೆ ಅದೇ ಗಣತಿಯಲ್ಲಿ ಸುಮಾರು 6 ಕೋಟಿ 11 ಲಕ್ಷ, ಇಂಗ್ಲಿಷಿನಲ್ಲಿ 61.1 ಮಿಲಿಯನ್, ಜಪಾನಿಯಲ್ಲಿ 6,110 ಮನ್. ಮನೆಯ ಮಕ್ಕಳಿಗೆ ಇಂಥ ನಾಲ್ಕು ಲೆಕ್ಕಗಳನ್ನು ಕೊಟ್ಟು ನೋಡಬಹುದು. ಅವರು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ.

ಗಂಗೆಯ ಮರಳು ಜಪಾನಿಗೆ ಹೋದ ಬಗೆ

ಕೇಯಿಯ ಆಚೆಗೂ ಜಪಾನಿನಲ್ಲಿ ಹೆಸರುಗಳುಂಟು. 1627ರಲ್ಲಿ ಯೊಶಿದ ಮಿತ್ಸುಯೊಶಿ ಎಂಬಾತನು ‘ಜಿಂಕೋಕಿ’ ಎಂಬ ಗಣಿತಗ್ರಂಥವನ್ನು ಪ್ರಕಟಿಸಿದನು. ಅಂಗಡಿಯವರಿಗೂ ಅರ್ಥವಾಗುವಂತೆ ಮಣಿಚೌಕಟ್ಟಿನ ಲೆಕ್ಕವನ್ನು ಕಲಿಸುವ ಈ ಪುಸ್ತಕ ಅಲ್ಲಿ ಬಹಳ ಜನಪ್ರಿಯವಾಯಿತು. ಅದರಿಂದ ನೆಲೆನಿಂತ ದೊಡ್ಡ ಸಂಖ್ಯೆಗಳ ಪಟ್ಟಿಯ ತುದಿಗೆ ಹೋದರೆ ಭಾರತೀಯನಾದವನು ಬೆರಗಾಗದೆ ಇರಲಾರ. ಅಲ್ಲಿ ಗೋಗಶ, ಅಸೋಗಿ, ನಯುತ, ಫುಕಶಿಗಿ, ಮುರ್ಯೋತೈಸೂ ಎಂಬ ಹೆಸರುಗಳಿವೆ.

ಗೋಗಶ ಎಂದರೆ ಗಂಗಾನದಿಯ ಮರಳು. ಅಸೋಗಿ ಎಂದರೆ ನಮ್ಮ ಅಸಂಖ್ಯೇಯ. ನಯುತ ಸಂಸ್ಕೃತದ ನಯುತವೇ. ಫುಕಶಿಗಿ ಎಂದರೆ ಅಚಿಂತ್ಯ, ಮನಸ್ಸಿಗೆ ನಿಲುಕದ್ದು. ಮುರ್ಯೋತೈಸೂ ಎಂದರೆ ಅಳತೆಯಿಲ್ಲದ ಮಹಾಸಂಖ್ಯೆ. ಬೌದ್ಧಸೂತ್ರಗಳಲ್ಲಿ ಬುದ್ಧರ ಸಂಖ್ಯೆಯನ್ನೂ ಕಲ್ಪಗಳ ದೀರ್ಘತೆಯನ್ನೂ ವರ್ಣಿಸಲು ಬಳಸಿದ ಶಬ್ದಗಳಿವು. 5ನೆಯ ಶತಮಾನದ ಆರಂಭದಲ್ಲಿ ಕುಮಾರಜೀವನೇ ಮೊದಲಾದ ಭಾಷಾಂತರಕಾರರು ಇವನ್ನು ಚೀನೀ ಭಾಷೆಗೆ ತಂದರು. 1299ರಲ್ಲಿ ಚೀನಾದ ಝು ಶಿಜಿಯೆ ಎಂಬ ಗಣಿತಜ್ಞನು ಇವನ್ನು ತನ್ನ ಗ್ರಂಥದ ಸಂಖ್ಯಾಪಟ್ಟಿಯಲ್ಲಿ ಸೇರಿಸಿದನು. ಅಲ್ಲಿಂದ ಜಪಾನು ಅವನ್ನು ಪಡೆಯಿತು. ಇಂದಿನ ಎಣಿಕೆಯಂತೆ ಗೋಗಶವೆಂದರೆ 1ರ ಮುಂದೆ 52 ಸೊನ್ನೆ, ಅಸೋಗಿಗೆ 56, ನಯುತಕ್ಕೆ 60, ಫುಕಶಿಗಿಗೆ 64, ಮುರ್ಯೋತೈಸೂಗೆ 68.

ಕನ್ನಡದಲ್ಲಿ ನಾವು ‘ಅಸಂಖ್ಯಾತ ಭಕ್ತರು ನೆರೆದಿದ್ದರು’ ಎಂದರೆ ಎಣಿಸಲಾಗದಷ್ಟು ಎಂದರ್ಥ. ಅದೇ ಬೇರಿನ ಶಬ್ದಕ್ಕೆ ಜಪಾನಿನಲ್ಲಿ 56 ಸೊನ್ನೆಗಳ ಖಚಿತ ಬೆಲೆಯಿದೆ. ಎಣಿಕೆಗೆ ಸಿಗದ್ದು ಎಂದು ನಾವು ಕೈಬಿಟ್ಟದ್ದನ್ನು ಅವರು ಎಣಿಕೆಯೊಳಗೆ ತಂದು ಕೂರಿಸಿದರು. ಫುಕಶಿಗಿ ಸ್ವಲ್ಪ ಬೇರೆ ದಾರಿ ಹಿಡಿಯಿತು. ಅದರ ಸಂಕ್ಷಿಪ್ತ ರೂಪವಾದ ‘ಫುಶಿಗಿ’ ಇಂದು ಜಪಾನಿನ ಮಕ್ಕಳೂ ಆಡುವ ಮಾತು, ಸೋಜಿಗ ಎಂಬ ಅರ್ಥದಲ್ಲಿ.

ಇಂಗ್ಲಿಷಿನ ಮಿರಿಯಡ್ ಎಂಬ ಶಬ್ದದ ಕಥೆ ಇದಕ್ಕೆ ತೀರ ವಿರುದ್ಧವಾದದ್ದು. ಗ್ರೀಕ್ ಮೂಲದಲ್ಲಿ ಮಿರಿಯಡ್ ಎಂದರೆ ಖಚಿತವಾಗಿ ಹತ್ತು ಸಾವಿರ, ಜಪಾನಿನ ಮನ್‌ನಂತೆಯೇ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಆರ್ಕಿಮಿಡೀಸನು ವಿಶ್ವವನ್ನೆಲ್ಲ ತುಂಬಲು ಎಷ್ಟು ಮರಳ ಕಣಗಳು ಬೇಕೆಂದು ಲೆಕ್ಕ ಹಾಕಿದನು. ಮರಳನ್ನು ಎಣಿಸಲಾಗದು ಎಂಬ ಜನರ ನಂಬಿಕೆ ತಪ್ಪೆಂದು ತೋರಿಸುವುದು ಅವನ ಉದ್ದೇಶ. ಅದಕ್ಕಾಗಿ ಅವನು ಮಿರಿಯಡ್‌ನ ಮಿರಿಯಡ್ಡನ್ನು, ಅಂದರೆ ಜಪಾನಿನ ಒಕುವಿನಷ್ಟನ್ನೇ, ಹೆಜ್ಜೆಯಾಗಿ ಇಟ್ಟುಕೊಂಡು 1ರ ಮುಂದೆ 63 ಸೊನ್ನೆಗಳವರೆಗೆ ತಲಪಿದನು. ಅಂಥ ಮಿರಿಯಡ್ ಇಂಗ್ಲಿಷಿಗೆ ಬಂದ ಮೇಲೆ ಬೆಲೆಯನ್ನು ಕಳೆದುಕೊಂಡು ‘ಲೆಕ್ಕವಿಲ್ಲದಷ್ಟು’ ಎಂಬ ವಿಶೇಷಣವಾಗಿ ಉಳಿಯಿತು. ಪೂರ್ವದಲ್ಲಿ ಅಸಂಖ್ಯವು ಸಂಖ್ಯೆಯಾಯಿತು. ಪಶ್ಚಿಮದಲ್ಲಿ ಸಂಖ್ಯೆಯು ಅಸಂಖ್ಯವಾಯಿತು.

ಇಂಗ್ಲಿಷಿಗೂ ಒಂದು ಮಹಾಸಂಖ್ಯೆ ದೊರಕಿದ್ದು ಮಗುವಿನ ಬಾಯಿಂದ. 1ರ ಮುಂದೆ 100 ಸೊನ್ನೆಗಳುಳ್ಳ ಸಂಖ್ಯೆಗೆ ಅಮೆರಿಕದ ಗಣಿತಜ್ಞ ಎಡ್ವರ್ಡ್ ಕಾಸ್ನರ್ ಅವರ ಒಂಬತ್ತು ವರ್ಷದ ಸೋದರಳಿಯ ಮಿಲ್ಟನ್ ಸಿರೊಟ್ಟ ‘ಗೂಗಲ್’ ಎಂಬ ಹೆಸರನ್ನು ಸೂಚಿಸಿದನು. 1940ರಲ್ಲಿ ಕಾಸ್ನರ್ ಮತ್ತು ನ್ಯೂಮನ್ ಬರೆದ ಪುಸ್ತಕದಿಂದ ಅದು ಪ್ರಸಿದ್ಧವಾಯಿತು. ಇಂದು ಮನೆಮನೆಗೂ ಪರಿಚಿತವಾದ ಅಂತರಜಾಲದ ಶೋಧಸಂಸ್ಥೆ ತನ್ನ ಹೆಸರನ್ನು ಇದರಿಂದಲೇ, ಕಾಗುಣಿತ ಬದಲಿಸಿ, ಪಡೆದುಕೊಂಡಿತು.

ನುಡಿಗಟ್ಟಿನಲ್ಲಿ ಸಂಖ್ಯೆ

ಶಾಸ್ತ್ರದ ಸಂಖ್ಯೆ ಒಂದು ಬಗೆ. ಜನರ ನಾಲಿಗೆಯ ಮೇಲಿನ ಸಂಖ್ಯೆ ಇನ್ನೊಂದು ಬಗೆ. ಬಹು ಅಪರೂಪದವನನ್ನು ನಾವು ‘ಲಕ್ಷಕ್ಕೊಬ್ಬ’ ಎನ್ನುತ್ತೇವೆ. ಇಂಗ್ಲಿಷಿನವರು ‘ವನ್ ಇನ್ ಎ ಮಿಲಿಯನ್’, ಮಿಲಿಯನ್ನಿಗೊಬ್ಬ, ಎನ್ನುತ್ತಾರೆ. ಜಪಾನೀಯರು ಅಪರೂಪದ ಸಂಭವಕ್ಕೆ ‘ಮನ್ ನಿ ಹಿತೊತ್ಸು’, ಹತ್ತು ಸಾವಿರಕ್ಕೊಂದು, ಎನ್ನುತ್ತಾರೆ. ‘ಮನ್‌ಇಚಿ’ ಎಂದರೆ ‘ಒಂದು ವೇಳೆ, ಅಪ್ಪಿತಪ್ಪಿ’ ಎಂದರ್ಥ. ಗಣಿತದ ಪ್ರಕಾರ ಇಂಗ್ಲಿಷಿನ ಅಪರೂಪ ಜಪಾನಿನದಕ್ಕಿಂತ ನೂರು ಪಟ್ಟು ಹೆಚ್ಚು ಅಪರೂಪವಾಗಬೇಕು. ಹಾಗಿಲ್ಲವೆಂಬುದು ಎಲ್ಲರಿಗೂ ಗೊತ್ತು. ಸಾವಿರವನ್ನು ದಾಟಿದೊಡನೆ ತನ್ನ ಭಾಷೆಯಲ್ಲಿ ಎದುರಾಗುವ ಮೊದಲ ದೊಡ್ಡ ಹೆಸರನ್ನು ಪ್ರತಿಯೊಬ್ಬನೂ ಹಿಡಿದುಕೊಂಡಿದ್ದಾನೆ, ಅಷ್ಟೆ.

ದೇವತೆಗಳ ಎಣಿಕೆಯನ್ನು ನೋಡಿ. ನಮ್ಮಲ್ಲಿ ಮೂವತ್ತಮೂರು ಕೋಟಿ ದೇವತೆಗಳು. ಜಪಾನಿನ ಶಿಂಟೋ ಧರ್ಮದಲ್ಲಿ ‘ಯಾವೋಯೊರೊಜು’, ಎಂಟುನೂರು ಮನ್ ಅಥವಾ ಎಂಬತ್ತು ಲಕ್ಷ ದೇವತೆಗಳು. ಎರಡೂ ಕಡೆ ಯಾರೂ ಪಟ್ಟಿ ಹಿಡಿದು ಎಣಿಸಿದ್ದಲ್ಲ. ಜಪಾನೀಯರಿಗೆ ಎಂಟುನೂರು ಎಂಬುದು ‘ಬಹಳ’ ಎನ್ನುವುದರ ಮುದ್ದಿನ ಹೆಸರು. ತರಕಾರಿ ಅಂಗಡಿಗೆ ಅವರು ‘ಯಾವೋಯಾ’ ಎನ್ನುತ್ತಾರೆ. ಬರೆಯುವ ಅಕ್ಷರಗಳ ಅರ್ಥ ‘ಎಂಟುನೂರರ ಅಂಗಡಿ’. ಬಾಯಿಗೆ ಬಂದಂತೆ ಸುಳ್ಳು ಹೇಳುವುದು ‘ಉಸೊ ಹಪ್ಪ್ಯಕು’, ಎಂಟುನೂರು ಸುಳ್ಳು. ಇದನ್ನು ಕನ್ನಡಕ್ಕೆ ತರುವುದಾದರೆ ‘ನೂರೆಂಟು ಸುಳ್ಳು’ ಎನ್ನಬೇಕೇ ಹೊರತು ಎಂಟುನೂರು ಎಂದರೆ ರುಚಿ ಕೆಡುತ್ತದೆ. ನೂರೆಂಟು ಜಪಾನೀಯರಿಗೆ ಅಪರಿಚಿತವೇನಲ್ಲ; ಬೌದ್ಧರು ಹೇಳುವ 108 ಕ್ಲೇಶಗಳ ನಿವಾರಣೆಗಾಗಿ ವರ್ಷದ ಕೊನೆಯ ರಾತ್ರಿ ಅಲ್ಲಿನ ದೇವಾಲಯಗಳಲ್ಲಿ ಗಂಟೆಯನ್ನು 108 ಬಾರಿ ಬಾರಿಸುತ್ತಾರೆ.

ಹಾರೈಕೆಯಲ್ಲೂ ಇದೇ ಭೇದ. ನಾವು ‘ನೂರ್ಕಾಲ ಬಾಳು’ ಎಂದು ಹರಸುತ್ತೇವೆ. ಜಪಾನೀಯರ ‘ಬನ್‌ಜಾಯ್’ ಎಂಬ ಜಯಘೋಷದ ಅರ್ಥ ‘ಹತ್ತು ಸಾವಿರ ವರ್ಷ’. ಫೌಂಟನ್ ಪೆನ್ನಿಗೆ ಅವರು ಕೊಟ್ಟ ಹೆಸರು ‘ಮನ್‌ನೆನ್‌ಹಿತ್ಸು’, ಹತ್ತು ಸಾವಿರ ವರ್ಷದ ಲೇಖನಿ. ಅವರ ಪ್ರಾಚೀನ ಕವನಸಂಕಲನ ‘ಮನ್‌ಯೋಶೂ’, ಹತ್ತು ಸಾವಿರ ಎಲೆಗಳ ಸಂಗ್ರಹ. ಅದರಲ್ಲಿರುವ ಕವನಗಳು ಸುಮಾರು 4,500. ಕ್ರೌಂಚಪಕ್ಷಿಗೆ ಸಾವಿರ ವರ್ಷ, ಆಮೆಗೆ ಹತ್ತು ಸಾವಿರ ವರ್ಷ ಆಯಸ್ಸು ಎಂಬುದು ಅವರ ಗಾದೆ. ಕಾಗದದಿಂದ ಸಾವಿರ ಕ್ರೌಂಚಗಳನ್ನು ಮಡಿಸಿದರೆ ಹಾರೈಕೆ ಫಲಿಸುವುದೆಂಬ ನಂಬಿಕೆಯೂ ಅಲ್ಲಿದೆ. ಹಿರೋಶಿಮಾದ ಬಾಂಬಿಗೆ ಎರಡು ವರ್ಷದ ಶಿಶುವಾಗಿದ್ದಾಗ ಸಿಲುಕಿದ ಸದಾಕೊ ಸಸಾಕಿ ಎಂಬ ಬಾಲಿಕೆ, ರಕ್ತದ ಕ್ಯಾನ್ಸರಿನಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಈ ಹಕ್ಕಿಗಳನ್ನು ಮಡಿಸುತ್ತಿದ್ದಳು. 1955ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಅವಳು ತೀರಿಕೊಂಡಳು. 1958ರಲ್ಲಿ ಹಿರೋಶಿಮಾದಲ್ಲಿ ಮಕ್ಕಳ ಶಾಂತಿಸ್ಮಾರಕ ಎದ್ದಿತು. ಜಗತ್ತಿನ ನಾನಾ ಕಡೆಗಳಿಂದ ಇಂದಿಗೂ ಅಲ್ಲಿಗೆ ಸಾವಿರ ಹಕ್ಕಿಗಳ ಮಾಲೆಗಳು ಬರುತ್ತಿವೆ.

ಇಂಗ್ಲಿಷಿನ ನುಡಿಗಟ್ಟುಗಳಲ್ಲಿ ಮಿಲಿಯನ್ನೇ ಪಟ್ಟದ ಆನೆ. ಕೃತಜ್ಞತೆ ಹೇಳುವಾಗ ‘ಥ್ಯಾಂಕ್ಸ್ ಎ ಮಿಲಿಯನ್’ ಎನ್ನುವುದುಂಟು. ಮಿಲಿಯನ್ ಸಾಲದಾದಾಗ ‘ಝಿಲಿಯನ್’ ಎಂಬ ಹುಸಿಶಬ್ದವನ್ನೇ ಹುಟ್ಟಿಸಿದರು; ಅದಕ್ಕೆ ಯಾವ ಬೆಲೆಯೂ ಇಲ್ಲ. ನುಡಿಗಟ್ಟುಗಳಿಗೂ ಬೆಲೆಯೇರಿಕೆ ತಟ್ಟುತ್ತದೆ. 1940ರ ದಶಕದ ಅಮೆರಿಕನ್ ರೇಡಿಯೋ ರಸಪ್ರಶ್ನೆಯಿಂದ ‘ಅರವತ್ತನಾಲ್ಕು ಡಾಲರಿನ ಪ್ರಶ್ನೆ’ ಎಂಬ ಮಾತು ಬಂತು. 1955ರಲ್ಲಿ ಟೆಲಿವಿಷನ್ನಿನವರು ಬಹುಮಾನ ಹೆಚ್ಚಿಸಿದ್ದರಿಂದ ಅದು ‘ಅರವತ್ತನಾಲ್ಕು ಸಾವಿರ ಡಾಲರಿನ ಪ್ರಶ್ನೆ’ ಆಯಿತು.

ಸಿರಿವಂತನ ಹೆಸರಿನಲ್ಲೂ ಭೇದವಿದೆ. ನಮ್ಮಲ್ಲಿ ಲಕ್ಷಾಧೀಶ, ಕೋಟ್ಯಧೀಶ; ಇಂಗ್ಲಿಷಿನಲ್ಲಿ ಮಿಲಿಯನೇರ್; ಜಪಾನಿನಲ್ಲಿ ‘ಒಕುಮನ್ ಚೋಜ’. ಯೆನ್ ಸಣ್ಣ ನಾಣ್ಯವಾದ್ದರಿಂದ ಒಂದು ಮಿಲಿಯನ್ ಯೆನ್ ಅಲ್ಲಿ ಕೆಲವೇ ತಿಂಗಳ ಸಂಬಳ. ಶ್ರೀಮಂತನೆನ್ನಿಸಿಕೊಳ್ಳಲು ಒಕು ಬೇಕು. 1998ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ, ಮಿಲಿಯನೇರ್ ಆಗಬಯಸುವವರ ಟೆಲಿವಿಷನ್ ರಸಪ್ರಶ್ನೆಯನ್ನು ನೆನೆಯಿರಿ. ಅಲ್ಲಿ ಬಹುಮಾನ ಒಂದು ಮಿಲಿಯನ್ ಪೌಂಡು. 2000ದಲ್ಲಿ ಅದು ಹಿಂದಿಗೆ ಬಂದಾಗ ಮಿಲಿಯನೇರ್ ಹೋಗಿ ‘ಕರೋಡ್‌ಪತಿ’ ಆಯಿತು, ಬಹುಮಾನ ಒಂದು ಕೋಟಿ ರೂಪಾಯಿ. ಜಪಾನಿಗೆ ಹೋದಾಗ ಹೆಸರು ಮಿಲಿಯನೇರ್ ಎಂದೇ ಉಳಿಯಿತು, ಬಹುಮಾನ ಮಾತ್ರ 1,000 ಮನ್ ಯೆನ್. ಮೇಲಿನ ಪಟ್ಟಿಯನ್ನು ನೋಡಿದವರಿಗೆ ತಿಳಿದಿರಬಹುದು: ಅದೂ ಒಂದು ಕೋಟಿಯೇ!

ರಕ್ತಪರೀಕ್ಷೆಯ ವರದಿಯಲ್ಲಿ

ಇನ್ನು ಈ ಪಾಠದ ಅತಿ ಅಗತ್ಯವಾದ ಭಾಗ. ನುಡಿಗಟ್ಟಿನಲ್ಲಿ ಸೊನ್ನೆ ಹೆಚ್ಚುಕಡಿಮೆಯಾದರೆ ನಗಬಹುದು; ದೇಹದ ಲೆಕ್ಕದಲ್ಲಿ ನಗುವಂತಿಲ್ಲ. ಡೆಂಗಿ ಜ್ವರದ ದಿನಗಳಲ್ಲಿ ನಮ್ಮ ಮಹಾನಗರಗಳ ಮನೆಗಳಲ್ಲೆಲ್ಲ ಪ್ಲೇಟ್‌ಲೆಟ್ ಎಂಬ ಮಾತು ಕೇಳಿಬರುತ್ತದೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಈ ಕಣಗಳು ಆರೋಗ್ಯವಂತ ವಯಸ್ಕರಲ್ಲಿ ರಕ್ತದ ಒಂದು ಘನ ಮಿಲಿಮೀಟರಿಗೆ ಸುಮಾರು ಒಂದೂವರೆ ಲಕ್ಷದಿಂದ ನಾಲ್ಕು ಲಕ್ಷದವರೆಗೆ ಇರುತ್ತವೆ.

ಒಬ್ಬರ ಎಣಿಕೆ ಎರಡೂವರೆ ಲಕ್ಷವಿದೆಯೆಂದು ಇಟ್ಟುಕೊಳ್ಳೋಣ. ನಮ್ಮ ದೇಶದ ವರದಿಯಲ್ಲಿ ಅದು 2.5 ಲಕ್ಷ ಅಥವಾ 2,50,000 ಎಂದಿರುತ್ತದೆ. ಅಮೆರಿಕದ ವರದಿಯಲ್ಲಿ 250 ಎಂದು ಬರೆದು ಪಕ್ಕದಲ್ಲಿ ಸಾವಿರದ ಗುರುತು ಹಾಕಿರುತ್ತಾರೆ. ಬ್ರಿಟನ್ನಿನ ವರದಿಯಲ್ಲೂ 250 ಎಂದೇ ಇರುತ್ತದೆ. ಆದರೆ ಅಲ್ಲಿ ಲೆಕ್ಕ ಒಂದು ಲೀಟರು ರಕ್ತಕ್ಕೆ, ಗುರುತು ಒಂಬತ್ತು ಸೊನ್ನೆಗಳದು. ಜಪಾನಿನ ಅನೇಕ ವರದಿಗಳಲ್ಲಿ ಅದೇ ಎಣಿಕೆ 25.0 ಎಂದಿದ್ದು, ಪಕ್ಕದಲ್ಲಿ ಮನ್ ಎಂಬ ಅಕ್ಷರವೋ ಹತ್ತು ಸಾವಿರದ ಗುರುತೋ ಇರುತ್ತದೆ. ರಕ್ತ ಒಂದೇ, ಆರೋಗ್ಯ ಒಂದೇ. ಬರಹ ಮಾತ್ರ 2.5, 250, 25.

ಈಗ ತೊಡಕನ್ನು ನೋಡಿ. ಟೋಕಿಯೋದಲ್ಲಿರುವ ಮಗಳು ಫೋನಿನಲ್ಲಿ ‘ಪ್ಲೇಟ್‌ಲೆಟ್ ಇಪ್ಪತ್ತೈದು’ ಎಂದಷ್ಟೇ ಹೇಳಿದರೆ, ಇಲ್ಲಿರುವ ತಾಯಿ ಅದನ್ನು ಇಪ್ಪತ್ತೈದು ಸಾವಿರವೆಂದು ತಿಳಿದು ರಾತ್ರಿಯಿಡೀ ನಿದ್ದೆಗೆಡಬಹುದು. ಅದೇ ಅಮೆರಿಕದಲ್ಲಿರುವ ಮಗನ ವರದಿಯಲ್ಲಿ 25 ಎಂದಿದ್ದರೆ ಅದು ನಿಜವಾಗಿಯೂ ಇಪ್ಪತ್ತೈದು ಸಾವಿರ. ತಡಮಾಡದೆ ವೈದ್ಯರನ್ನು ಕಾಣಬೇಕಾದ ಸ್ಥಿತಿ. ಮೊದಲನೆಯದನ್ನು ಕಂಡು ಗಾಬರಿಯಾಗುವುದೂ, ಎರಡನೆಯದನ್ನು ಕಂಡು ಸುಮ್ಮನಿರುವುದೂ ಎರಡೂ ತಪ್ಪು. ಕೆಂಪು ಕಣಗಳ ಎಣಿಕೆಯಲ್ಲೂ ಹೀಗೆಯೇ: ನಮ್ಮ ಐವತ್ತು ಲಕ್ಷ ಇಂಗ್ಲಿಷಿನಲ್ಲಿ 5 ಮಿಲಿಯನ್, ಜಪಾನಿನಲ್ಲಿ 500 ಮನ್.

ಆದ್ದರಿಂದ ವಿದೇಶದ ವರದಿಯನ್ನು ಓದುವಾಗಲೂ ಕಳಿಸುವಾಗಲೂ ಮೂರು ನಿಯಮಗಳನ್ನು ಪಾಲಿಸುವುದು ಒಳ್ಳೆಯದು. ಮೊದಲನೆಯದಾಗಿ, ಅಂಕಿಯನ್ನು ಅದರ ಪಕ್ಕದ ಮಾನದ ಗುರುತಿನೊಡನೆಯೇ ಓದಬೇಕು. ಗುರುತಿಲ್ಲದ ಅಂಕಿಗೆ ಅರ್ಥವಿಲ್ಲ. ಎರಡನೆಯದಾಗಿ, ಅದೇ ಸಾಲಿನಲ್ಲಿ ಮುದ್ರಿಸಿರುವ ಸಾಮಾನ್ಯ ಮಿತಿಯನ್ನು ನೋಡಿ, ಅಂಕಿ ಅದರೊಳಗಿದೆಯೇ ಹೊರಗಿದೆಯೇ ಎಂದು ಹೋಲಿಸಬೇಕು. ಮೂರನೆಯದಾಗಿ, ವೈದ್ಯರಿಗೆ ಬಾಯಿಮಾತಿನಲ್ಲಿ ಹೇಳದೆ ವರದಿಯ ಪೂರ್ತಿ ಹಾಳೆಯನ್ನೇ ತೋರಿಸಬೇಕು. ಚಿಕಿತ್ಸೆ ಏನೆಂಬುದು ಅವರ ವಿಚಾರಕ್ಕೆ ಬಿಟ್ಟದ್ದು. ಸೊನ್ನೆಗಳು ಸರಿಯಾಗಿ ಅವರಿಗೆ ತಲಪುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ಉಪಸಂಹಾರ

ಎರಡು, ಮೂರು, ನಾಲ್ಕು ಸೊನ್ನೆಗಳ ಈ ಮೆಟ್ಟಿಲುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ನಿರರ್ಥಕ. ತಾನು ಹತ್ತಿ ಬೆಳೆದ ಮೆಟ್ಟಿಲೇ ಪ್ರತಿಯೊಬ್ಬನ ಕಾಲಿಗೂ ಸಲೀಸು. ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಮಿಲಿಯನ್ನನ್ನು ಕಲಿಯಲಿ, ಬೇಕಾದರೆ ಮನ್, ಒಕುಗಳನ್ನೂ ಕಲಿಯಲಿ. ಜೊತೆಗೆ ಲಕ್ಷ, ಕೋಟಿಗಳನ್ನು ಬಿಡದಿರಲಿ. ಅಜ್ಜಿ ಹೇಳುವ ಮೂವತ್ತಮೂರು ಕೋಟಿ ದೇವತೆಗಳು ಮೊಮ್ಮಗನಿಗೆ ‘ಮುನ್ನೂರ ಮೂವತ್ತು ಮಿಲಿಯನ್’ ಆಗಿ ಕೇಳಿಸಿದರೆ ಲೆಕ್ಕವೇನೋ ಸರಿಯೇ. ಕಥೆ ಮಾತ್ರ ಅಲ್ಲಿಗೇ ನಿಂತುಹೋಗುತ್ತದೆ. ಹೆಸರುಗಳು ಊರಿಂದೂರಿಗೆ ಹೋಗುತ್ತಾ ಬೆಲೆಯನ್ನು ಬದಲಿಸುತ್ತವೆ. ಹಣವಿರಲಿ, ರಕ್ತದ ಕಣಗಳಿರಲಿ, ಪರಭಾಷೆಯ ದೊಡ್ಡ ಸಂಖ್ಯೆಯೊಂದು ಕೈಗೆ ಬಂದಾಗ ಹೆಸರನ್ನು ನಂಬುವುದಕ್ಕೆ ಮುಂಚೆ ಸೊನ್ನೆಗಳನ್ನು ಒಮ್ಮೆ ಎಣಿಸಿಬಿಡುವುದು ಕ್ಷೇಮ.